ಮೇಜು ಬಡಿಯುವುದನ್ನು ಬಿಟ್ಟ ಮೇಷ್ಟ್ರು

ಆ ಮಂಗಳವಾರ ಬೆಳಗ್ಗೆ ಮೇಷ್ಟ್ರ ಉಗುರಿನ ಸಂದಿಗೆಲ್ಲ ಕಡಲೆಕಾಯಿ ಸಿಪ್ಪೆಯ ಮಣ್ಣು ಸೇರಿತ್ತು. ಪಾವಗಡದ ತಮ್ಮ ಮನೆಯ ಜಗಲಿಯಲ್ಲಿ ಬಿತ್ತನೆಗೆಂದು ಕಾಯಿ ಸುಲಿಯುತ್ತಿದ್ದರು. ಅಂಗನವಾಡಿಗೆ ಹೊರಟಿದ್ದ ನನ್ನನ್ನು ಕಂಡು, "ಏಮ್ಮಾ, ಇವತ್ತು ಮಕ್ಕಳಿಗೆ ಏನ್ ಕಥೆ?" ಎಂದರು. ನನಗೆ ತೊದಲು. ಮೊದಲ ಅಕ್ಷರವೇ ಹೊರಡಲಿಲ್ಲ. ಅವರು ಕೈ ನಿಲ್ಲಿಸಿ ಕೂತರು. "ನ... ನರಿ ಕಥೆ ಸಾರ್" ಎಂದ ಮೇಲೆಯೇ ಇನ್ನೊಂದು ಕಾಯಿ ಎತ್ತಿಕೊಂಡರು.

ಮಾರನೆಯ ಬೆಳಗ್ಗೆ ಅವರು ಏಳಲಿಲ್ಲ.

ಅವರು ಮೊದಲಿನಿಂದ ಹೀಗೆ ಕಾಯುವವರಾಗಿರಲಿಲ್ಲ. ಒಂಬತ್ತನೇ ತರಗತಿಯಲ್ಲಿ ನಮಗೆ ವಿಜ್ಞಾನ ಹೇಳುತ್ತಿದ್ದರು. ಪ್ರಶ್ನೆ ಕೇಳಿ ಬೆರಳ ಗೆಣ್ಣಿನಿಂದ ಮೇಜನ್ನು ಐದು ಸಲ ಬಡಿಯುವರು. ಅಷ್ಟರಲ್ಲಿ ಉತ್ತರ ಬರದಿದ್ದರೆ ಸೊನ್ನೆ. ಗೊತ್ತಿದ್ದ ಉತ್ತರವೂ ನನ್ನ ಬಾಯಿಂದ ಅಷ್ಟು ಬೇಗ ಬರುತ್ತಿರಲಿಲ್ಲ. "ಈ ಸಲಾನೂ ಸೊನ್ನೆ ತಂದ್ರೆ ಇಸ್ಕೂಲ್ ಸಾಕು, ಬಟ್ಟೆ ಒಲಿಯಾಕೆ ಓಗು" ಎಂದು ಅಪ್ಪ ಹೇಳಿಬಿಟ್ಟಿದ್ದ.

ಒಂದು ದಿನ ಮೇಷ್ಟ್ರು ಶುಕ್ರಗ್ರಹದ ಪಾಠ ಮಾಡಿದರು. ರಷ್ಯಾದವರು ಕಳಿಸಿದ ಮೊದಮೊದಲ ನೌಕೆಗಳು ಅಲ್ಲಿನ ಗಾಳಿಯ ಒತ್ತಡಕ್ಕೇ ಜಜ್ಜಿಹೋದವಂತೆ. ಆಮೇಲೆ ಒಂದು ನೌಕೆ ನೆಲ ಮುಟ್ಟಿತು. ಮುಟ್ಟಿದ್ದೇ ತಡ, ಅದರಿಂದ ಬರುತ್ತಿದ್ದ ಸುದ್ದಿ ನಿಂತಿತು. ಕೆಟ್ಟುಹೋಯಿತೆಂದು ಎಲ್ಲರೂ ಕೈಬಿಟ್ಟರು.

"ಕೆಲವು ವಾರ ಆದ್ಮೇಲೆ, ಅದರ ಸುದ್ದಿ ಹಿಡಿದಿಟ್ಟಿದ್ದ ಟೇಪನ್ನ ಮತ್ತೆ ಕೇಳಿದ್ರು. ಗೊರಗೊರ ಸದ್ದಿನೊಳಗೆ ಸಣ್ಣ ದನಿ! ಬಿದ್ದಲ್ಲಿಂದಲೇ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಾತಾಡಿತ್ತು, ಪಾಪ" ಎಂದರು.

ಹಿಂದಿನ ಬೆಂಚಿನವನೊಬ್ಬ ನನ್ನತ್ತ ಕೈ ತೋರಿಸಿದ. "ಸಾ, ನಮ್ ತೊದ್ಲಿನೂ ಅಂಗೇಯ! ನೀವು ಬಡ್ದು ಮುಗಿಸ್ದ ಮ್ಯಾಕೆ ಯೋಳ್ತಾಳೆ."

ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ನನ್ನನ್ನು ಎಬ್ಬಿಸಿ, "ಶುಕ್ರ ಯಾಕಮ್ಮ ಅಷ್ಟು ಬಿಸಿ?" ಎಂದು ಕೇಳಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಇಂ... ಇಂ..." ಎನ್ನುತ್ತ ನಿಂತೆ. ಯಾರೋ ಮುಗಿಸಲು ಹೋದರೆ, "ಬಾಯ್ಮುಚ್ಕೊಳೋ, ಅವಳ ಉತ್ತರ ಅದು" ಎಂದು ಗದರಿದರು. ಇಂಗಾಲದ ಡೈಆಕ್ಸೈಡ್ ಬಿಸಿಯನ್ನು ಹೊರಗೆ ಬಿಡುವುದಿಲ್ಲ ಎಂದು ನಾನು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆದಿತ್ತು.

"ಸರಿಯಾಗಿದೆ. ಕೇಳಿಸ್ಕೊಳ್ಳದೆ ಸೊನ್ನೆ ಹಾಕಿದ್ದು ನನ್ ತಪ್ಪು ಕಣಮ್ಮ" ಎಂದರು, ಎಲ್ಲರೆದುರಿಗೆ.

ಆ ವಾರವೆಲ್ಲ ಊಟದ ಬಿಡುವಿನಲ್ಲಿ ಹಳೆಯ ಪ್ರಶ್ನೆಗಳನ್ನು ಮತ್ತೆ ಕೇಳಿ ನನ್ನ ಅಂಕ ತಿದ್ದಿದರು. ಅಪ್ಪ ಸುಮ್ಮನಾದ, ನನ್ನ ಓದು ಉಳಿಯಿತು. ಮೇಜು ಬಡಿಯುವುದನ್ನು ಮೇಷ್ಟ್ರು ಅಂದಿಗೇ ಬಿಟ್ಟರು.

ನನ್ನ ಮನೆಯವರು ಒಳ್ಳೆಯವರೇ. ನಾನು ತಡವರಿಸಿದರೆ ಪ್ರೀತಿಯಿಂದಲೇ ಉಳಿದ ಮಾತನ್ನು ತಾವು ಹೇಳಿಬಿಡುತ್ತಾರೆ. ನಾನೇ ಮುಗಿಸಲಿ ಎಂದು ಕಾಯುವವರು ಈಗ ಯಾರೂ ಇಲ್ಲ.