ಮೊದಲ ಬುಟ್ಟಿ ದ್ರಾಕ್ಷಿ

ಅವರ ಎರಡೂ ಕೈಗಳು ಮೊಣಕೈವರೆಗೆ ನೀಲಿಯಾಗಿದ್ದವು. ದ್ರಾಕ್ಷಿ ಬಳ್ಳಿಗೆ ಹೊಡೆಯಲು ಮೈಲುತುತ್ತ, ಸುಣ್ಣ ಕಲಸಿ ಕಲಸಿ ಚರ್ಮದೊಳಗೇ ಇಳಿದ ನೀಲಿ. ಹಾಗೆಂದು ನನ್ನ ನೆನಪು. ನನ್ನ ಅಕ್ಕ ಒಪ್ಪುವುದಿಲ್ಲ. ‘ಉಗುರಷ್ಟ ನೀಲಿ ಇದ್ದುವು. ಉಳಿದದ್ದು ನೀ ಹಚ್ಚೀದಿ’ ಎನ್ನುತ್ತಾಳೆ. ಇರಬಹುದು. ಆ ವರ್ಷಗಳ ಬಗ್ಗೆ ನಾನು ಹೇಳುವುದರಲ್ಲಿ ಕಂಡದ್ದೆಷ್ಟು, ಆಮೇಲೆ ಕಟ್ಟಿಕೊಂಡದ್ದೆಷ್ಟು ಎಂದು ನನಗೇ ಖಚಿತವಿಲ್ಲ.

ನಾವು ಅವರನ್ನು ತೋಟದ ಕಾಕಾ ಎನ್ನುತ್ತಿದ್ದೆವು. ನಮ್ಮ ಪಕ್ಕದ ಮನೆಯವರು. ದೇವರ ಹಿಪ್ಪರಗಿಯಿಂದ ಇಂಡಿಗೆ ಹೋಗುವ ಬಸ್ಸಿನ ದಾರಿಯಲ್ಲಿ, ಜೋಳ ತೊಗರಿಯ ಹೊಲಗಳ ನಡುವೆ, ಕಲ್ಲುಕಂಬ ನೆಟ್ಟು ತಂತಿ ಎಳೆದು ದ್ರಾಕ್ಷಿ ಹಬ್ಬಿಸಿದವರು ಆಗ, ಎಪ್ಪತ್ತರ ದಶಕದ ಮೊದಲಿಗೆ, ನಮ್ಮೂರಲ್ಲಿ ಅವರೊಬ್ಬರೇ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಈ ಉಸಾಬರಿ ಯಾಕೆಂದು ಒಮ್ಮೆ ಕೇಳಿದ್ದೆ. ‘ಜ್ವಾಳ ಬಿತ್ತಿದ್ರ ನಾಕು ತಿಂಗಳು ಕೆಲಸ ತಮ್ಮಾ. ಇದಕ್ಕ ದಿನಾ ಬರಬೇಕು. ನನಗ ದಿನಾ ಹೋಗಾಕ ಒಂದು ಜಾಗಾ ಬೇಕಿತ್ತು’ ಎಂದಿದ್ದರು.

ವಾರದಲ್ಲಿ ಒಂದೇ ಊಟ ಅವರು ನಾಲ್ಕು ಜನರ ಜೊತೆ ಮಾಡುತ್ತಿದ್ದರು. ಸೋಮವಾರ ಸಂಜೆ ಊರ ಮಠದ ಪ್ರಸಾದ. ಅಂದು ಮಧ್ಯಾಹ್ನದಿಂದಲೇ ಬಾವಿಯ ಹತ್ತಿರ ಕುಳಿತು ಹುಣಸೆಹಣ್ಣು ಹಚ್ಚಿ ಕೈ ತಿಕ್ಕುತ್ತಿದ್ದರು. ಪಂಕ್ತಿಯ ಕೊನೆಗೆ, ಕಂಬಕ್ಕೆ ಬೆನ್ನು ಕೊಟ್ಟು ಕುಳಿತುಕೊಳ್ಳುವ ಜಾಗ ಅವರದು. ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ಬಡಿಸುವ ಮುದುಕ ‘ಇನ್ನೊಂದು ಸೌಟು ಹುಗ್ಗಿ ಹಾಕ್ಲೇನ್ರಿ? ಮನ್ಯಾಗ ಯಾರೂ ಕಾಯಾಕತ್ತಿಲ್ಲಲ್ಲ’ ಎಂದು ಚಾಷ್ಟಿ ಮಾಡಿದರೆ, ‘ಅದಕ್ಕಽ ಎರಡು ಸೌಟು ಹಾಕು’ ಎನ್ನುತ್ತಿದ್ದರು.

ನಮ್ಮಲ್ಲಿ ಯಾವ ಬೆಳೆ ಬಂದರೂ ಮೊದಲ ಬುಟ್ಟಿ ಮಠಕ್ಕೆ ಹೋಗಬೇಕು. ಅದಕ್ಕೆ ಮುಂಚೆ ಒಂದು ಕಾಳನ್ನೂ ಮಾರುವುದಿಲ್ಲ. ಕಾಕಾ ಪ್ರತಿವರ್ಷ ತಲೆಯ ಮೇಲೆ ಹೊತ್ತು ತಾವೇ ಒಯ್ಯುತ್ತಿದ್ದರು.

ಒಂದು ವರ್ಷ ಪುಣೆಯ ಕಡೆಯಿಂದ ಒಬ್ಬರು ಬಂದರು. ವೈನ್ ಕಾರಖಾನೆ ತೆಗೆಯುವವರು. ಇಡೀ ತೋಟದ ಹಣ್ಣು ತಮಗೇ ಬೇಕು, ಲಾರಿ ಕಳಿಸುತ್ತೇವೆ ಎಂದರು. ಕಾಕಾ ಒಪ್ಪಿದರು. ಮುಂದಿನ ವಾರ ವಿಜಾಪುರದ ಗೋಳಗುಮ್ಮಟ ನೋಡಿ ಹೊರಟ ತಮ್ಮ ಅತಿಥಿಗಳನ್ನೂ ಕಾರಿನಲ್ಲಿ ಕರೆತಂದರು. ಕಾಕಾ ಹಂದರದ ಕೆಳಗೆ ಹೊರಸು ಹಾಕಿಸಿ, ನಮ್ಮ ಮನೆಯಿಂದ ಕಪ್ಪು ಬಸಿ ಒಯ್ದು ಚಹಾ ಕೊಟ್ಟರು. ಅತಿಥಿಗಳು ಅವರನ್ನು ಬಳ್ಳಿಯ ಮುಂದೆ ನಿಲ್ಲಿಸಿ ಫೋಟೋ ತೆಗೆದು ಸ್ವಲ್ಪ ಹೊತ್ತಿಗೆ ಹೊರಟರು. ಕಪ್ಪುಗಳನ್ನು ಇಸಿದುಕೊಳ್ಳಲು ನಾನು ಸಂಜೆ ಹೋದಾಗ ಅವು ಹೊರಸಿನ ಮೇಲೆ ಹಾಗೇ ಇದ್ದವು. ‘ಇರಲಿ ಬಿಡು, ನಾಳಿಗಿ ಒಯ್ಯುವಂತಿ. ಯಾರೋ ಬಂದು ಹೋದಂಗ ಕಾಣತೈತಿ’ ಎಂದರು.

ಅದೇ ಸಂಜೆ ಅವರು ನನ್ನನ್ನು ಆ ಪ್ರಶ್ನೆ ಕೇಳಿದ್ದು. ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಓದುತ್ತ, ಶಿವರಾತ್ರಿ ರಜೆಗೆ ಬಂದಿದ್ದೆ.

‘ನೀ ಓದಿದಾಂವ. ಹಣ್ಣು ಕುಡ್ಯೂ ಸೆರೆಗೆ ಹೋಗೂದೈತಿ. ಮೊದಲ ಬುಟ್ಟಿ ಮಠಕ್ಕ ಒಯ್ಲ್ಯೋ, ಬ್ಯಾಡೋ?’

ನನಗೆ ನಗು ಬಂದಿತ್ತು. ಮಠವನ್ನು ನಂಬುವ ವಯಸ್ಸು ಅದಾಗಿರಲಿಲ್ಲ. ವಾದ ಗೆಲ್ಲುವ ವಯಸ್ಸು. ‘ಲಾರಿ ಬರೂಕಿಂತ ಮೊದಲಽ ಕೊಯ್ದ ಬುಟ್ಟಿಗೂ ಸೆರೆಗೂ ಏನ್ ಸಂಬಂಧ ಕಾಕಾ? ಆ ಹೊತ್ತಿನ್ಯಾಗ ಅದು ಬರೇ ಹಣ್ಣು. ಧೈರ್ಯಲೆ ಒಯ್ರಿ’ ಎಂದೆ. ಅವರು ‘ಹೌದಲ್ಲ’ ಎಂದರು.

ಮುಂದಿನದನ್ನು ನಾನು ಮಠದ ಬಾಗಿಲಲ್ಲಿ ನಿಂತು ಕಂಡಂತೆ ನೆನಪಿದೆ. ಅದು ಸುಳ್ಳು. ಕಾಕಾ ಬುಟ್ಟಿ ಒಯ್ದ ಸೋಮವಾರ ಬೆಳಿಗ್ಗೆಯೇ ನಾನು ಬಸ್ಸು ಹತ್ತಿದ್ದೆನೆಂದು ಅವ್ವ ಹೇಳುತ್ತಿದ್ದಳು. ಅವಳಿಂದ ಕೇಳಿದ್ದನ್ನೇ ನಾನು ಕಣ್ಣಿಗೆ ಹಚ್ಚಿಕೊಂಡಿರಬೇಕು. ಮಠದ ವ್ಯವಹಾರ ನೋಡುತ್ತಿದ್ದ ಹಿರಿಯರೊಬ್ಬರು ಬುಟ್ಟಿಯನ್ನು ಹೊಸ್ತಿಲಲ್ಲೇ ತಡೆದರಂತೆ.

‘ಏನ್ರಿ ಪುಣೆ ಸಾವ್ಕಾರ್ರ, ತೋಟ ಕುಡ್ಯಾವ್ರಿಗೆ ಕೊಟ್ಟು ಉಳದದ್ದು ದೇವರಿಗೆ ತಂದ್ರೇನು?’

‘ಉಳದದ್ದಲ್ರಿ. ಲಾರಿ ಇನ್ನಾ ಬಂದಿಲ್ಲ. ಈಗ ಇದು ಬರೇ ಹಣ್ಣು.’

‘ಇದು ನಿಮ್ಮ ಮಾತಲ್ಲ. ಈ ವಕೀಲಿ ಯಾರು ಕಲಿಸ್ಯಾರ?’

ಅದಕ್ಕೆ ಕಾಕಾ ಏನೆಂದರೋ ಅವ್ವನಿಗೂ ಗೊತ್ತಿರಲಿಲ್ಲ, ಅಷ್ಟರಲ್ಲಿ ಹೆಂಗಸರು ಒಳಗೆ ಹೋಗಿದ್ದರು. ಬುಟ್ಟಿ ತಿರುಗಿ ಬಂತು. ಊಟಕ್ಕೆ ಬರಬೇಡಿ ಎಂದು ಯಾರೂ ಅನ್ನಲಿಲ್ಲ. ಅವರೇ ಹೋಗುವುದು ಬಿಟ್ಟರು. ಬರ್ರಿ ಎಂದು ಕರೆಯಲು ಕೂಡ ಯಾರೂ ಹೋಗಲಿಲ್ಲ.

ಬೇಸಿಗೆಯಲ್ಲಿ ನಾನು ಊರಿಗೆ ಬಂದಾಗ ಅವರ ಕೈ ಮೊಣಕೈವರೆಗೆ ನೀಲಿ. ತಿಕ್ಕಿ ತೊಳೆಯಬಾರದೇ ಎಂದೆ. ‘ಯಾರ ಬಾಜೂಕ ಕೂಡೂದೈತಿ?’ ಎಂದರು. ಅಕ್ಕ ಕಂಡದ್ದು ಮಠಕ್ಕೆ ಹೊರಟ ಕೈಗಳನ್ನು, ನಾನು ಕಂಡದ್ದು ಇವನ್ನು ಎಂದು ಈಗ ಅನ್ನಿಸುತ್ತದೆ. ಲಾರಿ ಒಮ್ಮೆ ಬಂದು ಹೋಗಿತ್ತು. ಮತ್ತೆ ಬರಬೇಡಿ ಎಂದು ಅವರೇ ಹೇಳಿ ಕಳಿಸಿದ್ದರು.

ಆ ದಿನಗಳಲ್ಲಿ ನಾನು ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನ ಮಾಸ್ತರಿಕೆಗೆ ಕಾಯುತ್ತಿದ್ದೆ. ಶಿಫಾರಸು ಮಾಡಬೇಕಾದವರು ಅದೇ ಹಿರಿಯರು. ಕಾಕಾಗೆ ಆ ಮಾತು ಕಲಿಸಿದವನು ನಾನೆಂದು ತಿಳಿದಿದ್ದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ. ‘ನಾನಽ ಹೋಗಿ ಹೇಳ್ತೇನಿ ಕಾಕಾ’ ಎಂದು ನಾನು ಅಂದೆನೋ, ಅನ್ನಬೇಕೆಂದು ಬಾಯಿ ತೆರೆದೆನೋ, ಅದೂ ಮಸುಕು. ಅವರು ಕೇಳಿದ್ದು ಮಾತ್ರ ಸ್ಪಷ್ಟವಾಗಿದೆ.

‘ನೌಕರಿ ಕಾಗದ ಬಂತೇನು?’

‘ಇನ್ನಾ ಇಲ್ರಿ.’

‘ಹಂಗಾರ ಸುಮ್ಮಿರು.’

ಜೂನ್‌ನಲ್ಲಿ ಕಾಗದ ಬಂತು. ನಾನು ಹೋದೆ. ಎರಡು ವರ್ಷದ ಮೇಲೆ ಅಕ್ಕನ ಕಾರ್ಡು ಬಂದಾಗ ಅವರು ತೀರಿಕೊಂಡು ವಾರವಾಗಿತ್ತು. ಹಂದರದ ಕೆಳಗೆ ಮಲಗಿದ್ದವರು ಎರಡು ದಿನ ಅಲುಗಿಲ್ಲವೆಂದು ಮೊದಲು ಗಮನಿಸಿದವನು ಬಸ್ಸಿನ ಕಂಡಕ್ಟರ್.

ಈಗ ಆ ರಸ್ತೆಯಲ್ಲಿ ‘ದ್ರಾಕ್ಷಿ ತೋಟ ನೋಡಬನ್ನಿ’ ಎಂಬ ಬಣ್ಣದ ಬೋರ್ಡಿದೆ. ರವಿವಾರ ಸೊಲ್ಲಾಪುರ, ಹೈದರಾಬಾದಿನ ಕಾರುಗಳು ನಿಲ್ಲುತ್ತವೆ. ಜನ ಹಂದರದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು, ಸಣ್ಣ ಗ್ಲಾಸಿನಲ್ಲಿ ವೈನ್ ರುಚಿ ನೋಡುತ್ತಾರೆ. ನಡೆಸುವವನು ಆ ಹಿರಿಯರ ಮೊಮ್ಮಗ. ‘ಮಾಸ್ತರ್ರ, ಮೂರು ನಮೂನಿ ಅದಾವ, ನಾಚಬ್ಯಾಡ್ರಿ’ ಎಂದು ನನ್ನ ಕೈಗೂ ಗ್ಲಾಸು ಕೊಟ್ಟ. ಯಾರಿಗೂ ಏನೂ ಅನ್ನಿಸುವುದಿಲ್ಲ. ಅನ್ನಿಸಬೇಕಾಗಿಯೂ ಇಲ್ಲ. ಕಾಕಾ ಸ್ವಲ್ಪ ಬೇಗ ನೆಟ್ಟರು, ಅಷ್ಟೇ.

ಅವನ ತಂದೆ ಅಲ್ಲೇ ಕುರ್ಚಿಯಲ್ಲಿದ್ದರು. ಅಂದು ಮಠದ ಹೊಸ್ತಿಲಲ್ಲಿ ತಮ್ಮ ತಂದೆಯ ಪಕ್ಕದಲ್ಲೇ ನಿಂತಿದ್ದವರು. ಕಾಕಾ ಅಂದು ಏನೆಂದರೆಂದು, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. ಅವರು ಹೇಳಿದ್ದನ್ನು ನಂಬಲಾಗದೆ, ಮುದ್ದೇಬಿಹಾಳಕ್ಕೆ ಹೋಗಿ, ಬಡಿಸುವ ಮುದುಕನ ಮಗನನ್ನು ಹುಡುಕಿದೆ. ಅವನೂ ಅಂದು ಅಲ್ಲಿದ್ದ. ಅವರಿಬ್ಬರೂ ಪರಸ್ಪರ ಭೇಟಿಯಾಗಿ ಎಷ್ಟೋ ವರ್ಷಗಳಾಗಿದ್ದವು. ಇಬ್ಬರೂ ಹೇಳಿದ್ದು ಒಂದೇ. ಯಾರು ಕಲಿಸಿದರೆಂದು ಹಿರಿಯರು ಮೂರು ಸಲ ಕೇಳಿದ್ದರು. ಮೂರು ಸಲವೂ ಕಾಕಾ, ‘ಯಾರೂ ಇಲ್ರಿ, ನನ್ನ ತಲಿ’ ಎಂದಿದ್ದರು.