ಮಾನ್ವಿಯಲ್ಲಿ ಏಳದೆ ಕುಳಿತದ್ದು

ರಷ್ಯಾದ ಹಳೆಯ ನಾಟಕವೊಂದರಲ್ಲಿ ದೊಡ್ಡ ಮನೆತನ ನಗುತ್ತಾ, ಜಗಳಾಡುತ್ತಾ, ಚಹಾ ಕುಡಿಯುತ್ತಾ ಇದ್ದದ್ದೆಲ್ಲ ಕಳೆದುಕೊಳ್ಳುತ್ತದೆ. ನಮ್ಮ ತಂಡದ ಕಾಲೇಜು ಮಾಸ್ತರರು ಅದನ್ನು ನಮ್ಮ ಮಾತಿಗೆ ತಂದಿದ್ದರು. ಹಿಮಕ್ಕೆ ರಾಯಚೂರಿನ ಹತ್ತಿ. ಸೆಕೆಗೆ ಅದು ಬೆವೆತ ಮುಖಕ್ಕೆಲ್ಲ ಮೆತ್ತುತ್ತಿತ್ತು. ಚಹಾದ ಪಾತ್ರೆ, ಕಪ್ಪು ನಮ್ಮ ಮನೆಯವು, ಒಳಗಿನ ಚಹಾ ಕೂಡ ನಿಜವಾದದ್ದೇ. ಆ ಮನೆತನದ ಯಜಮಾನಿಯ ಪಾತ್ರ ನನ್ನದು.

ರಾಯಚೂರಿನ ಪ್ರದರ್ಶನಕ್ಕೆ ಯಾರೂ ಏನೂ ಅನ್ನಲಿಲ್ಲ. ಮಾನ್ವಿಯಲ್ಲಿ ತಕರಾರು ಬಂತು. ಅಂಗಳ ಕೊಟ್ಟ ಅಕ್ಕಿ ಗಿರಣಿಯ ಸಾಹುಕಾರರು ತಾಲೀಮು ನೋಡಲು ಬಂದು, ನನ್ನೆದುರಿಗೇ ಮಾಸ್ತರರಿಗೆ ಹೇಳಿದರು:

"ನಾಟಕ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಯಜಮಾನಿ ಪಾತ್ರಕ್ಕ ಬ್ಯಾರೆ ಯಾರನ್ನರ ನೋಡ್ರಿ. ಇವರವ್ವ ಮಲ್ಲಟದಾಗ ನಮ್ಮ ಗದ್ದಿ ಕಳಿ ತೆಗದಾಕಿ. ಮಂದಿ ನಗ್ತಾರ."

"ನಗಲಿ ಅಂತನ ಮಾಡಾಕತ್ತೀವಿ ರೀ," ಎಂದೆ.

ಅವರು ಹೋದ ಮೇಲೆ ಮಾಸ್ತರರು ಕನ್ನಡಕ ಒರೆಸುತ್ತಾ ನಿಂತರು. "ಅಕ್ಕಾ, ಒಂದು ದಿನದ ಮಾತು. ಮಾನ್ವಿಯೊಳಗ ಅಷ್ಟ ನೀವು ಕೆಲಸದಾಕಿ ಪಾತ್ರ ಮಾಡಿದ್ರ..."

"ಆ ಪಾತ್ರ ಸಣ್ಣಾಕಿದ್ದಾಗಿಂದ ಮಾಡೀನ್ರಿ ಸರ್. ಈ ಸರ್ತಿ ಕುಂದ್ರಾಕ ಬಂದೀನಿ."

ನಾನು ಈಗ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಆಗ ಸಾಹುಕಾರರ ಮನೆಯಲ್ಲಿ ಅವ್ವನ ಚಹಾಕ್ಕೆ ಬೇರೆ ಕಪ್ಪಿತ್ತು, ಹೊರಗಿನ ಗೂಡಿನಲ್ಲಿ. ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಬರಬೇಕು. ಅವಳ ಸೆರಗು ಹಿಡಿದು ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಪಾತ್ರ ನನ್ನಲ್ಲೇ ಉಳಿಯಿತು. ಪ್ರದರ್ಶನದ ಸಂಜೆ ಅವ್ವ ಹೆಂಗಸರ ನಡುವೆ ಚಾಪೆಯ ಮೇಲೆ ಮುಂದೆಯೇ ಕುಳಿತಿದ್ದಳು. ನಮ್ಮ ಕಡೆ ಊರ ನಾಟಕಗಳಲ್ಲಿ ಆಟದ ನಡುವೆಯೇ ದೊಡ್ಡವರು ರಂಗಕ್ಕೆ ಬಂದು ಹಾರ ಹಾಕುವುದುಂಟು. ಆಗ ರಾಜನಾಗಲಿ ರಾಕ್ಷಸನಾಗಲಿ, ಪಾತ್ರ ಬಿಟ್ಟು ಎದ್ದು, ಬಾಗಿ ಕೈಮುಗಿಯಬೇಕು. ಯಜಮಾನಿ ಕುರ್ಚಿಯಲ್ಲಿ ಕುಳಿತು ಕಿಟಕಿಯಾಚೆ ನೋಡುವ ದೃಶ್ಯದಲ್ಲಿ ಮೈಕು ಸಾಹುಕಾರರ ಹೆಸರು ಕೂಗಿತು. ಅವರು ಹಾರ ಹಿಡಿದು ಮೆಟ್ಟಿಲು ಹತ್ತಿದರು.

ನಾನು ಏಳಲಿಲ್ಲ.

"ಏಳ್ರಿ ಅಕ್ಕಾ, ಎದ್ದು ನಿಂದರ್ರಿ," ಪರದೆಯ ಮರೆಯಿಂದ ಮೈಕಿನವನು ಪಿಸುಗುಟ್ಟಿದ. ಉದ್ದನೆಯ ಲಂಗವನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡೆ. ಯಜಮಾನಿಯ ದನಿಯಲ್ಲೇ ಅಂದೆ:

"ಬರ್ರಿ ಸಾಹುಕಾರ್ರ, ಭಾಳ ದಿನಕ್ಕ ಬಂದ್ರಿ. ಹಾರ ಅಲ್ಲೇ ಟೇಬಲ್ ಮ್ಯಾಲ ಇಡ್ರಿ. ಚಹಾ ಕುಡುದ ಹೋಗಬೇಕು."

ಮುದಿ ಆಳಿನ ಪಾತ್ರದವನು ಜಾಣ. ತಡಮಾಡದೆ ಕಪ್ಪು ತುಂಬಿ ಅವರ ಮುಂದೆ ಹಿಡಿದ. ಹಿಂದಿನಿಂದ ಯಾರೋ "ಕುಡೀರಿ ಯಪ್ಪಾ, ಆರತೈತಿ" ಎಂದರು. ಅಂಗಳವೆಲ್ಲ ನಕ್ಕಿತು. ಸಾಹುಕಾರರು ಒಮ್ಮೆ ಜನರನ್ನು, ಒಮ್ಮೆ ನನ್ನನ್ನು ನೋಡಿದರು. ಹಾರ ಟೇಬಲಿನ ಮೇಲಿಟ್ಟು, ನಿಂತೇ ಕುಡಿದರು. ನಮ್ಮ ಮನೆಯ ಚಹಾ ಅವರ ಗಂಟಲಲ್ಲಿ ಇಳಿದದ್ದು ಅದೇ ಮೊದಲು.

ಮರುದಿನ ಅವ್ವ ಪಾತ್ರೆ ತೊಳೆಯುತ್ತಾ ಸಾಹುಕಾರರು ಕುಡಿದ ಕಪ್ಪನ್ನು ಎತ್ತಿ ಹಿಡಿದಳು.

"ಇದನ್ನ ಬ್ಯಾರೆ ಇಡಬೇಕೇನಬೇ?"

ಅವಳ ಮುಖದಲ್ಲಿ ನಗುವಿರಲಿಲ್ಲ. ನಾನು ಕಪ್ಪನ್ನು ಇಸಿದುಕೊಂಡು, ಒರೆಸಿ, ಉಳಿದವುಗಳ ಜೊತೆ ಮುಂದಿನ ಪ್ರದರ್ಶನಕ್ಕೆ ದೇವದುರ್ಗಕ್ಕೆ ಹೋಗುವ ಪೆಟ್ಟಿಗೆಯಲ್ಲಿಟ್ಟೆ. ಅಲ್ಲಿ ಪಾತ್ರ ಬದಲಿಸುವ ಮಾತನ್ನು ಮಾಸ್ತರರು ಎತ್ತಲಿಲ್ಲ. ಯಜಮಾನಿಯ ಕುರ್ಚಿಯನ್ನು ತಾವೇ ಹೊತ್ತು ತಂದು ಹಾಕಿದರು.