ಕಿವಿಯಣ್ಣ ಮತ್ತು ಗರಗಸದ ದನಿ

ಮರ ಕೊಯ್ಯುವ ಮೋಟಾರು ಗರಗಸ ಕೆಟ್ಟರೆ ಎಲ್ಲರೂ ಹೋಗುತ್ತಿದ್ದುದು ಕಿವಿಯಣ್ಣನ ಹತ್ತಿರ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹೆಂಡತಿಯೂ ನೆನಪು ಮಾಡಿಕೊಂಡೇ ಹೇಳಬೇಕು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾರ್ಬುರೇಟರ್ ಬಿಚ್ಚಿ, ಒಳಗಿನ ತೆಳು ರಬ್ಬರ್ ಪರದೆ ಬದಲಿಸಿ, ಸಣ್ಣ ತೂತುಗಳಿಗೆ ಗಾಳಿ ಹೊಡೆದು ಜೋಡಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಕೊನೆಯ ಸ್ಕ್ರೂ ಮಾತ್ರ ಕಿವಿಯ ಕೆಲಸ. ಸಡಿಲಿಸಿದರೆ ಪೆಟ್ರೋಲ್ ಹೆಚ್ಚಿ ಗರಗಸ ಗೊರಗೊರ ಎನ್ನುತ್ತದೆ, ಬಿಗಿ ಮಾಡಿದರೆ ಕೀರಲು ದನಿಯಲ್ಲಿ ಅರಚುತ್ತದೆ. ಆ ಅರಚಾಟವನ್ನೇ ಶಕ್ತಿ ಅಂದುಕೊಳ್ಳುವ ಗಿರಾಕಿಗಳಿಗೆ ಅವನು ಬೈಯುತ್ತಿದ್ದ.

"ಹೊಟ್ಟೆಗಿಲ್ಲದೆ ಕಿರುಚ್ತಿದೆ ಕಣ್ರೀ ಅದು! ಪೆಟ್ರೋಲ್ ಜೊತೇಲೇ ಎಣ್ಣೇನೂ ಹೋಗೋದು. ಅದು ಕಡಿಮೆಯಾದ್ರೆ ಪಿಸ್ಟನ್ ಕೆಟ್ಟೇ ಹೋಗುತ್ತೆ."

ಒಂದು ಬೆಳಿಗ್ಗೆ ಅವನ ಭಾವಮೈದುನ, ಮರ ಕೊಯ್ದೇ ಹೊಟ್ಟೆ ಹೊರೆಯುವವನು, ತನ್ನ ಗರಗಸ ತಂದು ಮೇಜಿನ ಮೇಲಿಟ್ಟ. ಹಿಂದಿನ ವಾರವಷ್ಟೇ ಕಿವಿಯಣ್ಣ ಸರಿ ಮಾಡಿ ಕೊಟ್ಟಿದ್ದು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೈತುಂಬ ಗೀರು.

"ಎಣ್ಣೆ ಬೆರೆಸೋದು ಮರೆತ್ಯೇನೋ?"

"ಇಲ್ಲ ಭಾವ, ಅಳೆದೇ ಹಾಕಿದ್ದೆ."

"ಹಾಗಾದ್ರೆ ಪೆಟ್ರೋಲೇ ಕಲಬೆರಕೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಾವಮೈದುನ ಹಾಗೇನೂ ಅನ್ನಲಿಲ್ಲ, ಪಿಸ್ಟನ್ನಿನ ಗೀರುಗಳ ಮೇಲೆ ಬೆರಳಾಡಿಸಿದ. ಅದೇ ಕಿವಿಯಣ್ಣನಿಗೆ ಚುಚ್ಚಿತು. ಕಿವಿಯೇ ಅವನ ಅನ್ನ. ಅದರ ಮೇಲೆ ಅನುಮಾನ ಬಂದರೆ ಅಂಗಡಿ ಮುಚ್ಚಿದ ಹಾಗೆಯೇ.

ಹೊಸ ಪಿಸ್ಟನ್ ಹಾಕಿ ಗರಗಸ ಚಾಲೂ ಮಾಡಿದ. ದನಿ ಮೊಂಡಾಗಿ ಕೇಳಿತು. ಸ್ಕ್ರೂ ಬಿಗಿ ಮಾಡಿದ. ಇನ್ನೂ ಮೊಂಡು. ಮತ್ತಷ್ಟು ಬಿಗಿ ಮಾಡುವಷ್ಟರಲ್ಲಿ ಹೆಂಡತಿ ಹಿಂಡಿದ ಬಟ್ಟೆ ಹಿಡಿದೇ ಹಿತ್ತಿಲಿಂದ ಓಡಿ ಬಂದಳು.

"ನಿಲ್ಲಿಸ್ರೀ! ಕಿವಿಗೆ ಸೂಜಿ ಚುಚ್ಚಿದ ಹಾಗಾಗ್ತಿದೆ. ಈಚೆಗೆ ನೀವು ಮುಟ್ಟಿದ್ದೆಲ್ಲ ಹೀಗೇ ಕಿರುಚುತ್ತೆ."

"ಎಲ್ಲಿ ಕಿರುಚ್ತಿದೆ?"

ಅವನು ನಿಜವಾಗಿಯೇ ಕೇಳಿದ್ದ. ಹೆಂಡತಿ ಅವನ ಮುಖ ನೋಡಿದಳು, ಭಾವಮೈದುನ ನೆಲ ನೋಡಿದ. ಕಿವಿಯಣ್ಣ ಗರಗಸ ನಿಲ್ಲಿಸಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡ.

"ಪೆಟ್ರೋಲಿನ ತಪ್ಪಲ್ಲ ಕಣೋ. ನನ್ನ ಕಿವೀದು," ಎಂದ. ಆಮೇಲೆ ಹೆಂಡತಿಗೆ, "ಇಲ್ಲೇ ನಿಂತ್ಕೋ. ದನಿ ಸರಿಹೋದಾಗ ಹೇಳು."

"ನಂಗೇನ್ರೀ ಗೊತ್ತಾಗುತ್ತೆ?"

ಗೊತ್ತಾಗದೆ ಏನು? ಮದುವೆಯಾದಾಗಿನಿಂದ ಈ ಗೋಡೆಯ ಆಚೆಯೇ ಅವಳ ಅಡುಗೆ. ಬೈಯುತ್ತ ಬೈಯುತ್ತಲೇ ಎಲ್ಲ ಕೇಳಿಸಿಕೊಂಡಿದ್ದಳು. ಅವನು ಗರಗಸ ಮತ್ತೆ ಚಾಲೂ ಮಾಡಿ, ಸ್ಕ್ರೂವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತ ಬಂದ. ಒಂದು ಕಡೆ ಅವಳು ಥಟ್ಟನೆ ಕೈ ಎತ್ತಿದಳು. ಒಂದು ದಿಮ್ಮಿ ಕೊಯ್ದು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ, ಪೆಟ್ರೋಲ್ ಹದವಾಗಿ ಉರಿದಾಗ ಬರುವ ಕಂದು ಬಣ್ಣ, ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಇರಬೇಕು.

ಆ ಗರಗಸ ಮತ್ತೆ ಕೆಡಲಿಲ್ಲ. ಮುಂದಿನ ಬೇಸಿಗೆಯಲ್ಲಿ ಭಾವಮೈದುನ ಇನ್ನೊಂದನ್ನು ಹೊತ್ತು ತಂದ. ಬಾಗಿಲಲ್ಲೇ ನಿಂತು, ಒಳಗೆ ಇಣುಕಿ, ಸಂಕೋಚದಿಂದ ಕೇಳಿದ.

"ಅಕ್ಕ ಇದ್ದಾಳಾ ಭಾವ?"

"ಪೇಟೆಗೆ ಹೋಗಿದ್ದಾಳೆ."

"ಹಾಗಾದ್ರೆ... ಆಮೇಲೆ ಬರ್ತೀನಿ."

ಕಿವಿಯಣ್ಣನಿಗೆ ಒಂದು ಕ್ಷಣ ಮೈಯೆಲ್ಲ ಉರಿಯಿತು. ಎದುರಿಗೆ ಮೇಜಿನ ಮೇಲೆ ಬೆಳಿಗ್ಗೆಯೇ ಜೋಡಿಸಿಟ್ಟ ಗರಗಸವೊಂದಿತ್ತು, ಕೊನೆಯ ಸ್ಕ್ರೂ ಒಂದೇ ಬಾಕಿ. ಅವನು ಬೆಂಚಿನ ಮೇಲಿದ್ದ ಸಾಮಾನು ಸರಿಸಿ ಜಾಗ ಮಾಡಿದ.

"ಕೂತ್ಕೋ ಬಾರೋ," ಎಂದ. "ನಾನೂ ಅವಳಿಗೇ ಕಾಯ್ತಿದ್ದೀನಿ."